ಹಳದಿ ಎಳೆ ಬಾಕಿ

ಇಲ್ಲ, ಇದೂ ಸರಿ ಬರಲಿಲ್ಲ ಪಳನೀ. ಮೊದಲು ಕಳಿಸಿದ್ದನ್ನ ಅಳಿಸಿಬಿಟ್ಟೆ, ಕೋಪ ಮಾಡ್ಕೋಬೇಡ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಕಾಗದ ಆಗಿದ್ದರೆ ತಲೆ ಮೇಲೆ ಪಿಳ್ಳೈಯಾರ್ ಸುಳಿ ಹಾಕ್ತಿದ್ದೆ, ಗಣಪತಿ ಹೆಸರಲ್ಲಿ ಹಾಕೋ ಆ ಪುಟ್ಟ ಸುತ್ತು. ಫೋನಲ್ಲಿ ಮಾತಾಡಿ ಕಳಿಸೋ ಈ ವಾಯ್ಸ್ ಮೆಸೇಜಿಗೆ ಅದನ್ನ ಎಲ್ಲಿ ಹಾಕೋದು? ಅದಕ್ಕೇ ಮಾತು ಕೂಡ್ತಾ ಇಲ್ಲ. ಇವತ್ತು ಬುಧವಾರ. ನೆಗಮಂ ಮನೇಲಿ, ಮಗ್ಗದ ಪಕ್ಕ ಕೂತಿದೀನಿ.

ತಿರುಪ್ಪೂರಲ್ಲಿ ನಿನ್ನ ಅಕ್ಕನ ಮನೆ ಹೇಗಿದೆ? ಬನಿಯನ್ ಕಂಪನೀಲಿ ನಿಂತ್ಕೊಂಡೇ ಚೆಕಿಂಗ್ ಮಾಡಬೇಕಂತೆ, ನಮ್ಮ ಕೃತ್ತಿಕಾ ಹೇಳಿದಳು. ಕಾಲಿಗೆ ಎಣ್ಣೆ ಹಚ್ಕೋ. ಮನೇಲಿ ಆಡೋದು ಕನ್ನಡ ಆದರೂ ಅದರ ಅಕ್ಷರ ನಮ್ಮಿಬ್ಬರಿಗೂ ಬರಲ್ಲ. ತಮಿಳಲ್ಲಿ ಬರೆದರೆ ನೇಕಾರರ ಸೊಸೈಟಿಗೆ ಕೊಟ್ಟ ಅರ್ಜಿ ಥರ ಇರುತ್ತೆ. ನಿನ್ನ ಹತ್ರ ಜಗಳ ಆಡೋದೂ ರಾಜಿ ಆಗೋದೂ ಮನೆ ಮಾತಲ್ಲೇ ಆಗಬೇಕು.

ನೀನು ಹೊರಟ ದಿನ ಹೇಳ್ತಿದ್ದ ಕಥೆ ಮುಗಿಸಲೇ ಇಲ್ಲ ನೋಡು. ಟೀ ಅಂಗಡೀಲಿ ಸ್ಕೂಲಿನ ಕುಪ್ಪುಸಾಮಿ ವಾದ್ಯಾರು ಹೇಳಿದ್ದು. ಹಿಂದೆ ಓಲೆಗರಿ ಮೇಲೆ ಬರೆಯುವಾಗ ತಮಿಳು ಅಕ್ಷರದ ತಲೆ ಮೇಲಿನ ಚುಕ್ಕೆ ಇಡ್ತಿರಲಿಲ್ಲವಂತೆ, ಮೊನೆ ಒತ್ತಿದರೆ ಗರಿ ತೂತಾಗುತ್ತಲ್ಲ. ಸುಳಿ ಮಾತ್ರ ಮೊದಲೇ ಹಾಕೋರಂತೆ, ಗರಿ ತಡೆಯುತ್ತಾ ಅಂತ ನೋಡೋಕೆ. ಅದನ್ನ ಹೇಳೋ ಖುಷೀಲಿ ನಾನಿದ್ದೆ. ನೀನು ಕಂಪನಿ ಕೆಲಸಕ್ಕೆ ಹೋಗ್ತೀನಿ ಅಂತ ಮತ್ತೆ ಮತ್ತೆ ಹೇಳಿದೆಯಂತೆ, ನನ್ನ ಕಿವಿಗೇ ಬೀಳಲಿಲ್ಲ. ಕೊನೆಗೆ ಬ್ಯಾಗ್ ಎತ್ಕೊಂಡು, ಓಲೆ ಬರೆಯೋರಿಗೆ ಗರಿ ತೂತಾಗೋ ಭಯ, ನಿಮಗೇನುಂಗ ಭಯ, ಮಾತಿಗೆ ಒಂದು ಚುಕ್ಕೆ ಇಡೋಕೆ ಅಂತ ಕೇಳಿದೆ. ಬಸ್ಸು ಹೋದ ಮೇಲೆ ನನಗೆ ನಗು ಬಂತು. ಆಮೇಲೆ ಮನೆ ಒಳಗೆ ಬಂದೆ, ನಗು ನಿಂತುಹೋಯ್ತು.

ಕೃತ್ತಿಕಾಳ ಮದುವೆ ಸೀರೆಗೆ ಮಗ್ಗದ ಮೇಲೆ ಉದ್ದೆಳೆ ಹಾಸು ಏರಿಸಿ ಆಗಿದೆ. ಅಡ್ಡ ಹಾಯೋ ಮೊದಲ ಹೊಕ್ಕು ಅರಿಶಿನ ಬಳಿದ ಎಳೆ, ಅದನ್ನ ಮನೆಯ ಹೆಂಗಸೇ ಹಾಕಬೇಕು, ಆಮೇಲೇ ನೇಯೋದು. ಅಮ್ಮ ಇದ್ದ ತನಕ ಅಮ್ಮ, ಆಮೇಲೆ ನೀನು. ಬಟ್ಟೆಗೂ ಒಂದು ಸುಳಿ ಅಲ್ವಾ ಅದು. ಮದುವೆ ಹತ್ರ ಬಂತು, ನಾನೇ ಹಾಕ್ತೀನಪ್ಪಾ ಅಂದಳು ಮಗಳು. ಬೇಡ ಅಂದೆ. ತನ್ನ ಮದುವೆ ಸೀರೆಗೆ ತಾನೇ ಎಳೆ ಹಾಕ್ಕೋಬೇಕಾ, ತಾಯಿ ಇರುವಾಗ?

ಕಂಪನಿ ಬಿಡು ಅಂತ ನಾನು ಹೇಳಲ್ಲ. ಅದು ನಿನ್ನ ಆಸೆ, ಈಗಲಾದರೂ ಕೇಳಿಸ್ಕೊಂಡೆ. ಭಾನುವಾರ ರಜೆ ಇರುತ್ತಲ್ಲ, ಬಾ, ಎಳೆ ಹಾಕು. ಸಾಯಂಕಾಲ ನಾನೇ ತಿರುಪ್ಪೂರಿಗೆ ಬಿಟ್ಟು ಬರ್ತೀನಿ. ದಾರಿಯ ಮಾತೆಲ್ಲ ನಿನ್ನದು.

ಇರು, ಪಕ್ಕದ ಮನೆ ರಾಮಾಯಿ ಗೋಡೆ ಆಚೆಯಿಂದ ಕೂಗ್ತಿದಾಳೆ. ಏನೋ ಅವಸರ ಅಂತ ಕಾಣುತ್ತೆ. ಇಡ್ತೀನಿ.

ನಿನ್ನ ಮುರುಗೇಶನ್.

ಇನ್ನೊಂದು ಮಾತು, ಇದು ಈಗ ಗೊತ್ತಾಗಿದ್ದು. ರಾಮಾಯಿ ಕೇಳಿದ್ದು ಇಷ್ಟೇ: ಮುರುಗೇಸಣ್ಣ, ನಿಮ್ಮ ಮಗ್ಗ ಯಾವಾಗ ಶುರು ಆಗೋದು, ಪಳನಿಯಕ್ಕ ದಿನಾ ಫೋನ್ ಮಾಡಿ ಸದ್ದು ಕೇಳ್ತದಾ ಅಂತಾಳೆ, ಗೋಡೆಗೆ ಫೋನ್ ಹಿಡಿದು ಹಿಡಿದು ನನಗೆ ಕೈ ನೋವು. ಹಂಗಾದರೆ ನೀನೂ ಅಲ್ಲಿಂದ ಕೇಳಿಸ್ಕೊತಾನೇ ಇದೀಯ. ಸರಿ. ಈಗ ಫೋನನ್ನ ಮಗ್ಗದ ಮೇಲೆ ಇಡ್ತೀನಿ, ನಾನು ಮಾತಾಡಲ್ಲ. ಎಷ್ಟು ಸುಮ್ಮನಿದೆ, ನೀನೇ ಕೇಳು.