ಹಳಿಯ ಮೇಲಿನ ನಾಣ್ಯ

ಗುರುವಾರ, ೧೪

ಫ್ಯೂಸ್ ಇರಬೇಕಾದ ಕಡೆ ದೊಡ್ಡಪ್ಪ ತಾಮ್ರದ ತಂತಿ ಸುತ್ತಿದ್ದಾರೆ. ಇದು ತಪ್ಪು. ಅವರು ನಮ್ಮ ರೈಲು ಸಂಘದ ಅಧ್ಯಕ್ಷರಾದರೂ ತಪ್ಪೇ.

ನಮ್ಮ ಪುಟಾಣಿ ರೈಲಿನ ಮೇಜಿನ ಮೇಲೆ ನಾಲ್ಕು ಸುತ್ತು ಹಳಿ, ಎಲ್ಲಕ್ಕೂ ಒಂದೇ ಫ್ಯೂಸ್. ಒಂದು ಬೋಗಿ ಹಳಿ ತಪ್ಪಿ ಶಾರ್ಟ್ ಆದರೆ ಎಲ್ಲ ರೈಲೂ ನಿಲ್ಲುತ್ತವೆ. ಶನಿವಾರ ಪ್ರದರ್ಶನದ ದಿನ ಹಾಗಾದರೆ ಮಾನ ಹೋಗುತ್ತದಂತೆ, ಅದಕ್ಕೇ ಈ ತಂತಿ. ಸುತ್ತಿಗೊಂದು ಬ್ರೇಕರ್ ಹಾಕೋಣ ಎಂದು ಹೇಳಿ ಹೇಳಿ ಸಾಕಾಯಿತು. ಒಬ್ಬ ಎಡವಿದ್ದಕ್ಕೆ ಎಲ್ಲರನ್ನೂ ನಿಲ್ಲಿಸುವುದು ಅನ್ಯಾಯ. ಯಾರೂ ನಿಲ್ಲಬಾರದೆಂದು ಕಾವಲನ್ನೇ ಕಿತ್ತುಹಾಕುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಇವತ್ತು ಅವರೆದುರೇ ಎರಡು ಹಳಿಗೂ ತಾಗುವಂತೆ ಒಂದು ನಾಣ್ಯ ಅಡ್ಡ ಇಟ್ಟೆ. ತಕ್ಷಣ ಕರೆಂಟು ಹೋಗಬೇಕಿತ್ತು. ಹೋಗಲಿಲ್ಲ. ನಾಣ್ಯ ಕಾದು ಕೆಳಗಿನ ಪ್ಲಾಸ್ಟಿಕ್ ಮೆತ್ತಗಾಯಿತು.

"ಆ ಕಾರ್ಮಿಕ ಸಂಘದವರ ಕರಪತ್ರ ಓದಿ ಓದಿ, ರೈಲಿಗೂ ಮುಷ್ಕರ ಕಲಿಸ್ತೀಯಲ್ಲೇ," ಎಂದರು ದೊಡ್ಡಪ್ಪ.

"ಕಲೀಲಿ ಬಿಡಿ. ಆ ಮೇಜಿಗೆ ಮಕ್ಕಳು ಜೋತು ಬೀಳ್ತಾರೆ."

"ಇಷ್ಟು ವರ್ಷ ಏನಾಗಿದೆ ಹೇಳು."

ಹೇಳುತ್ತಲೇ ನಾಣ್ಯ ಎತ್ತಲು ಹೋಗಿ ಬೆರಳು ಸುಟ್ಟುಕೊಂಡರು. ಬೆರಳನ್ನು ಬಾಯಲ್ಲಿಟ್ಟುಕೊಂಡೇ, "ತಂತಿ ಇರ್ಲಿ," ಎಂದರು.

ಇರಲು ಬಿಡಲಿಲ್ಲ. ಅವರು ಅತ್ತ ಹೋದದ್ದೇ ಮೇನ್ ಆರಿಸಿ ಕಿತ್ತುಕೊಂಡು ಬಂದೆ. ಈಗ ನನ್ನ ದಿಂಬಿನ ಕೆಳಗಿದೆ. ನಾಳೆ ಇನ್ನೊಂದು ಸುತ್ತುತ್ತಾರೆ, ಗೊತ್ತು. ಸುತ್ತಲಿ. ಸದಸ್ಯರಿಗೆಲ್ಲ ಫೋನ್ ಮಾಡಿ ಆಗಿದೆ. ಮಕ್ಕಳಿಗೆ ಬಾಗಿಲು ತೆರೆಯುವ ಮೊದಲು, ಎಲ್ಲರ ಕಣ್ಣೆದುರು, ಅದೇ ನಾಣ್ಯ, ಅದೇ ಹಳಿ.

ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ.