ಎರಡನೇ ಮೂಗು

ಮಾರ್ಚ್ 3, ಬೆಳಿಗ್ಗೆ 11.20
ಬ್ಯಾಚ್ 204, 205, 206 — ಮೂರೂ ಪಾಸ್. ಒಂದರ ವಾಸನೆಯೂ ಗೊತ್ತಾಗಲಿಲ್ಲ. ಸೋಪು ಮೂಸುವುದೇ ನನ್ನ ಕೆಲಸ. ಹದಿನಾಲ್ಕು ತಿಂಗಳಿಂದ ಈ ಮೂಗು ಇರುವುದು ಕನ್ನಡಕ ಕೂರಿಸುವುದಕ್ಕೆ ಮಾತ್ರ.

ಇಲ್ಲಿಯ ನಿಯಮ: ಪ್ರತಿ ಬ್ಯಾಚನ್ನೂ ಇಬ್ಬರು ಮೂಸಬೇಕು. ಎದುರುಬದುರು ಮೇಜು. ಇಬ್ಬರೂ ಕಾರ್ಡಿನಲ್ಲಿ ಗುರುತು ಹಾಕುವ ತನಕ ಮಾತಾಡುವಂತಿಲ್ಲ. ಫ್ಯಾಕ್ಟರಿಯವರ ಬಾಯಲ್ಲಿ ನಾನು ಮೊದಲನೇ ಮೂಗು, ಎದುರಿನಾಕೆ ಎರಡನೇ ಮೂಗು. ಮಾತಾಡಬಾರದು ಎಂದಿದೆ, ನೋಡಬಾರದು ಎಂದಿಲ್ಲ. ಸೋಪು ಮೂಗಿಗೆ ಹಿಡಿದು, ನಾಲ್ಕು ಎಣಿಸಿ, ಆಕೆಯ ಎಡಹುಬ್ಬು ನೋಡುತ್ತೇನೆ. ಏರಿದರೆ ರಿಜೆಕ್ಟ್. ಇಲ್ಲದಿದ್ದರೆ ಪಾಸ್.

ಇವತ್ತು ಎರಡು ಸಲ ನನ್ನನ್ನೇ ದಿಟ್ಟಿಸಿದಳು. ಗೊತ್ತಾಗಿದೆಯೇ? ನನ್ನ ಕುರ್ಚಿಯ ಮೇಲೆ ಕಣ್ಣು. ಮ್ಯಾನೇಜರ್ ಕಿವಿಯಲ್ಲಿ ಊದುತ್ತಿದ್ದಾಳೋ ಏನೋ.

ಮಾರ್ಚ್ 4
ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ಹೆಂಡತಿ ಓಡಿ ಬಂದಳು.

"ಹಾಲು ಹೊತ್ತಿದೆ, ಗೊತ್ತಾಗ್ಲಿಲ್ವೇನ್ರೀ? ಪಾತ್ರೆ ತಳ ಕಪ್ಪಾಗಿದೆ!"

ಗೊತ್ತಾಗಲಿಲ್ಲ. ವಿಷಯ ಗೊತ್ತಿರುವುದು ಅವಳಿಗೊಬ್ಬಳಿಗೆ. "ಸೈನಸ್ಸು ಅಂತ ಹೇಳ್ಕೊಂಡು ಇನ್ನೆಷ್ಟು ದಿನ ಆವಿ ತಗೋತೀರಿ? ನಾಳೆನೇ ಡಾಕ್ಟ್ರ ಹತ್ರ ಹೋಗಿ" ಅಂದಳು. ಬಗ್ಗಿದರೆ ಕೆನ್ನೆ ಕಲ್ಲಿನಂತೆ ಭಾರ. ಹೋಗಲೇಬೇಕು.

ಮಾರ್ಚ್ 6
ಹಳೇ ಡಾಕ್ಟರು. ಮೂವತ್ತು ವರ್ಷದ ಅನುಭವವಂತೆ. ಮೇಲ್ದುಟಿ ಎತ್ತಿ, ಹಲ್ಲಿನ ಮೇಲೆ ವಸಡು ಕೊಯ್ದು, ಕೆನ್ನೆಯ ಮೂಳೆಯಲ್ಲಿ ಕಿಟಕಿ ಮಾಡಿ, ಒಳಗಿನ ಕೆಟ್ಟ ಪೊರೆಯನ್ನೆಲ್ಲ ಕೆರೆದು ತೆಗೆಯುತ್ತಾರಂತೆ. ಐದು ದಿನ ಆಸ್ಪತ್ರೆ. ಮುಖ ಊದುತ್ತದೆ.

"ಮೇಲ್ದುಟಿ ಕೆಲವು ವಾರ ಜೋಮು ಹಿಡಿದ ಹಾಗಿರುತ್ತೆ. ಕೆಲವರಿಗೆ ಅದು ಹೋಗೋದೇ ಇಲ್ಲ" ಅಂದರು.

"ವಾಸನೆ ಬರುತ್ತಾ?"

"ಕೀವು ಹೋಗುತ್ತೆ. ತಲೆನೋವು ಹೋಗುತ್ತೆ. ವಾಸನೆ ವಿಷಯ ನಾನು ಮಾತು ಕೊಡೋಲ್ಲ. ನೀವು ಇನ್ನೊಬ್ಬರನ್ನೂ ನೋಡಿ" ಅಂದು ಚೀಟಿ ಬರೆದುಕೊಟ್ಟರು.

ಬಂದ ಗಿರಾಕಿಯನ್ನು ಯಾವ ಅಂಗಡಿಯವನು ಪಕ್ಕದಂಗಡಿಗೆ ಕಳಿಸುತ್ತಾನೆ? ಏನೋ ಇದೆ.

ಮಾರ್ಚ್ 7
ದುರ್ಬೀನು ಡಾಕ್ಟರು. ವಯಸ್ಸು ಚಿಕ್ಕದು, ಟಿವಿ ದೊಡ್ಡದು. ಪೆನ್ಸಿಲಿಗಿಂತ ಸಣ್ಣ ಕೊಳವೆ ಮೂಗಿನೊಳಗೆ ಹಾಕಿ ತೋರಿಸಿದರು — ಸಿಪ್ಪೆ ಸುಲಿದ ದ್ರಾಕ್ಷಿಯಂಥ ಗುಳ್ಳೆಗಳು. ನನ್ನ ಮೂಗೇ ಎಂದು ಏನು ಗ್ಯಾರಂಟಿ? ಮೊದಲೇ ತೆಗೆದಿಟ್ಟ ವಿಡಿಯೋ ಇರಬಹುದು. ಜೋರಾಗಿ ಉಸಿರು ಬಿಟ್ಟೆ. ಟಿವಿ ಮಬ್ಬಾಯಿತು. ಸರಿ, ನನ್ನದೇ.

"ಹೊರಗೆ ಎಲ್ಲೂ ಕೊಯ್ಯಲ್ಲ. ಮೂಗಿನೊಳಗಿಂದಲೇ ಗುಳ್ಳೆ ತೆಗೆದು, ಸೈನಸ್ಸಿನ ಸಹಜ ಬಾಗಿಲು ಅಗಲ ಮಾಡ್ತೀವಿ. ಪೊರೆ ಆದಷ್ಟು ಉಳಿಸ್ತೀವಿ, ಗಾಳಿಯಾಡಿದ್ರೆ ಅದೇ ಸುಧಾರಿಸುತ್ತೆ. ಮಾರನೇ ದಿನ ಮನೆಗೆ."

"ಅಪಾಯ?"

"ಪಕ್ಕದಲ್ಲೇ ಕಣ್ಣು, ಮೇಲೆ ಮೆದುಳು. ಅಪರೂಪ, ಆದ್ರೆ ಇಲ್ಲ ಅನ್ನಲ್ಲ. ಗುಳ್ಳೆ ಮತ್ತೆ ಬರಬಹುದು. ಆಮೇಲೂ ದಿನಾ ಉಪ್ಪುನೀರಲ್ಲಿ ತೊಳೀಬೇಕು, ಸ್ಪ್ರೇ ಹೊಡೀಬೇಕು."

ಹಳೇ ಡಾಕ್ಟರ ಚೀಟಿ ನೋಡಿ, "ಅವರೇ ನಂಗೆ ಕಲಿಸಿದ್ದು. ದೊಡ್ಡ ಕೈ" ಅಂದರು. ಇಬ್ಬರು ಡಾಕ್ಟರು ಒಬ್ಬರನ್ನೊಬ್ಬರು ಹೊಗಳಿದರೆ ಅನುಮಾನಪಡದೆ ಇರುವುದು ಹೇಗೆ? ಒಂದು ವಾರಕ್ಕೆ ಮಾತ್ರೆ ಕೊಟ್ಟಿದ್ದಾರೆ. ಊತ ಇಳಿದು ತಾತ್ಕಾಲಿಕವಾಗಿ ವಾಸನೆ ಬಂದರೂ ಬರಬಹುದಂತೆ.

ಮಾರ್ಚ್ 8
ಎರಡು ಆಪರೇಷನ್ನನ್ನೂ ಎರಡು ಸೋಪಿನ ಹಾಗೆ ಮುಂದಿಟ್ಟುಕೊಂಡು ಕೂತೆ. ಹಳೆಯದರಲ್ಲಿ ಕೊಯ್ತ, ಊತ, ಐದು ದಿನ, ತುಟಿ ಜೋಮು. ಆದರೆ ಕಣ್ಣೆದುರು ತೆಗೆಯುತ್ತಾರೆ. ಹೊಸದರಲ್ಲಿ ಗಾಯವೇ ಕಾಣುವುದಿಲ್ಲ. ಕಾಣದ ಮೇಲೆ ಮಾಡಿದ್ದಾರೆಂದು ನಂಬುವುದು ಹೇಗೆ?

ಹೆಂಡತಿ: "ನಿಮಗೆ ಕೊಯ್ದರೂ ಅನುಮಾನ, ಕೊಯ್ಯದಿದ್ರೂ ಅನುಮಾನ."

ಮಾರ್ಚ್ 15, ಬೆಳಿಗ್ಗೆ 6
ಬಂತು! ಹೆಂಡತಿಯ ದಿಂಬು. ಎಣ್ಣೆ, ಬೆವರು, ಒಗೆದ ಬಟ್ಟೆ. ಮುಖ ಹುದುಗಿಸಿ ಅತ್ತುಬಿಟ್ಟೆ. "ಏನಾಯ್ತ್ರೀ?" ಅಂದಳು. ಏನೂ ಇಲ್ಲ, ನೆಗಡಿ ಅಂದೆ.

ಮಾರ್ಚ್ 16, ಮಧ್ಯಾಹ್ನ
ಬ್ಯಾಚ್ 212. ಹಳಸಿದ ಎಣ್ಣೆ! ಮಾದರಿ ಡಬ್ಬಿಯ ಮುಚ್ಚಳ ತೆಗೆದೊಡನೆ ಬಡಿಯಿತು. ಎರಡನೇ ಮೂಗಿನತ್ತ ನೋಡಿದೆ. ಹುಬ್ಬು ಅಲ್ಲಾಡಲಿಲ್ಲ. ಆರಾಮಾಗಿ 'ಪಾಸ್' ಬರೆದಳು.

ಈಗ ಅರ್ಥವಾಯಿತು. ಬಲೆ. ಹುಬ್ಬು ನಂಬುತ್ತೇನೆಂದು ತಿಳಿದು, ಬೇಕೆಂದೇ ಸುಮ್ಮನಿದ್ದಾಳೆ. ಗುರುತು ಬೇರೆಯಾದರೆ ಇಬ್ಬರನ್ನೂ ಪರೀಕ್ಷೆಗೆ ಕೂರಿಸುತ್ತಾರೆ. ಅಷ್ಟರಲ್ಲಿ ನನ್ನ ಮಾತ್ರೆಯ ಪ್ರಭಾವ ಇಳಿದಿರುತ್ತದೆ. ಸಿಕ್ಕಿಬೀಳುವವನು ನಾನು.

ನಾನೂ 'ಪಾಸ್' ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ಗೊತ್ತಿದ್ದೂ ಬರೆದ ಮೊದಲ ಸುಳ್ಳು. ನಾಚಿಕೆಯಾಗುತ್ತಿದೆ.

ಮಾರ್ಚ್ 25
ವಾಸನೆ ಹೋಯಿತು. ದಿಂಬು ಬರೀ ಬಟ್ಟೆ. ಆಕೆಯನ್ನು ಗಮನಿಸುತ್ತಿದ್ದೇನೆ. ಟೀ ಕುಡಿದ ಮೇಲೆ ಪ್ರತಿ ಸಲ ಬೆರಳಲ್ಲಿ ಮೇಲ್ದುಟಿ ಮುಟ್ಟಿ ನೋಡಿಕೊಳ್ಳುತ್ತಾಳೆ. ಸುಳ್ಳು ಹೇಳುವವರು ಬಾಯಿ ಮುಟ್ಟಿಕೊಳ್ಳುತ್ತಾರೆಂದು ಎಲ್ಲೋ ಓದಿದ್ದೆ.

ಏಪ್ರಿಲ್ 2
212ರ ಪೆಟ್ಟಿಗೆಗಳು ಅಂಗಡಿಗಳಿಂದ ವಾಪಸ್. ಮ್ಯಾನೇಜರ್ ಇಬ್ಬರನ್ನೂ ಕರೆದರು. "ಹೋದ್ವರ್ಷವೂ ದೂರು ಬಂದಿತ್ತು, ಗೋಡೌನ್ ಬಿಸಿಗೆ ಕೆಟ್ಟಿದೆ ಅಂದ್ಕೊಂಡೆ. ಮೇ ನಾಲ್ಕಕ್ಕೆ ಪರೀಕ್ಷೆ. ಫೇಲಾದವರು ಪ್ಯಾಕಿಂಗಿಗೆ." ಆಕೆಯ ಮುಖ ಬಿಳಿಚಿಕೊಂಡಿತು. ಚೆನ್ನಾಗಿ ನಟಿಸುತ್ತಾಳೆ.

ಒಂದೇ ತಿಂಗಳು. ಮಾತ್ರೆಯಿಂದ ವಾಸನೆ ಬಂದದ್ದು ಒಳ್ಳೇ ಸೂಚನೆ ಅಂದರು ದುರ್ಬೀನಿನವರು. ಆಗಲಿ. ಮೂಗಿನೊಳಗಿಂದಲೇ.

ಏಪ್ರಿಲ್ 10
ಆಗಿದೆ. ಮುಖದ ಮೇಲೆ ಒಂದು ಗೀರೂ ಇಲ್ಲ. ಎಚ್ಚರವಾದೊಡನೆ ಒಂದೊಂದೇ ಕಣ್ಣು ಮುಚ್ಚಿ ನೋಡಿದೆ — ಎರಡೂ ಕಾಣುತ್ತವೆ. ತೆಗೆದ ಗುಳ್ಳೆ ತೋರಿಸಿ ಅಂದೆ. ನರ್ಸ್ ಬಾಟಲಿ ತಂದು ತೋರಿಸಿ, "ಎಣಿಸ್ತೀರಾ?" ಅಂದಳು.

ಏಪ್ರಿಲ್ 24
ಹಕ್ಕಳೆ ತೆಗೆಸಲು ಎರಡು ಸಲ ಹೋದೆ. ನಿನ್ನೆ ಬಚ್ಚಲಲ್ಲಿ ಸೋಪಿನ ವಾಸನೆ. ಇವತ್ತು ಹೆಂಡತಿಯ ದಿಂಬು. ಈ ಸಲ ಮಾತ್ರೆ ಇಲ್ಲದೆ.

ಏಪ್ರಿಲ್ 28
ಕೆಲಸಕ್ಕೆ ವಾಪಸ್. ಟೀ ಹೊತ್ತು. ಎರಡನೇ ಮೂಗಿನ ತುಟಿಯಿಂದ ಟೀ ಇಳಿದು ಗದ್ದಕ್ಕೆ ಬಂದರೂ ಆಕೆಗೆ ತಿಳಿಯಲಿಲ್ಲ. ಹಳೇ ಡಾಕ್ಟರ ಮಾತು ತಟ್ಟನೆ ನೆನಪಾಯಿತು.

"ಮೇಡಂ, ತುಟಿ ಮೇಲೆತ್ತಿ ಕೊಯ್ಸಿದ್ರಾ?"

ಸೆರಗಿನಿಂದ ಗದ್ದ ಒರೆಸಿಕೊಂಡಳು. "ಆರು ವರ್ಷ ಆಯ್ತು ಸರ್. ಆಗ ನಮಗೆ ಸಿಕ್ಕಿದ್ದು ಅದೊಂದೇ. ತಲೆನೋವು ಹೋಯ್ತು, ದೇವರಾಣೆ. ವಾಸನೆ ಮಾತ್ರ ಬರ್ಲೇ ಇಲ್ಲ."

"ಮತ್ತೆ ಬ್ಯಾಚು?"

"ನಿಮ್ಮ ಮೂಗು ನೋಡ್ತಿದ್ದೆ. ಹೊಳ್ಳೆ ಅರಳಿದ್ರೆ ಚೆನ್ನಾಗಿದೆ, ಮುಚ್ಕೊಂಡ್ರೆ ಕೆಟ್ಟಿದೆ ಅಂತ. ರಜೆ ಮುಗಿಸಿ ಬಂದಾಗಿಂದ ಅದು ಅಲ್ಲಾಡ್ತಾನೇ ಇಲ್ಲ. ನಂಗೇನೂ ತಿಳೀತಿಲ್ಲ ಸರ್."

ಮೂಗು ಕಟ್ಟಿದ್ದಾಗ ನನ್ನ ಹೊಳ್ಳೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಕಂಡು ಆಕೆಯ ಹುಬ್ಬು ಏರುತ್ತಿತ್ತು. ಹುಬ್ಬು ಕಂಡು ನಾನು ರಿಜೆಕ್ಟ್ ಬರೆಯುತ್ತಿದ್ದೆ. 212ರ ದಿನ ಮಾತ್ರೆಯಿಂದ ಮೂಗು ಬಿಟ್ಟಿತ್ತು, ಹೊಳ್ಳೆ ಮುಚ್ಚಲಿಲ್ಲ, ಆಕೆ ಪಾಸ್ ಬರೆದಳು. ಹದಿನಾಲ್ಕು ತಿಂಗಳು ಕುರುಡನ ಕೈ ಕುರುಡ ಹಿಡಿದು ನಡೆದಿದ್ದೇವೆ. ನಗು ಬಂತು. ಅವಳು ನಗಲಿಲ್ಲ. ಮನೆ ನಡೆಯುವುದು ಅವಳೊಬ್ಬಳ ಸಂಬಳದಲ್ಲಿ.

ಮೇ 4
ಪರೀಕ್ಷೆ. ರೂಢಿಯಂತೆ ಎದುರುಬದುರು. ಐದು ಸೋಪು. ಮೂರನೆಯದು ಹಳಸಿದ್ದು, ನಿಚ್ಚಳ. ಆಕೆ ನನ್ನ ಮೂಗನ್ನೇ ನೋಡುತ್ತಿದ್ದಳು. ಸುಮ್ಮನಿದ್ದರೆ 212 ಅವಳ ತಲೆಗೆ, ನನ್ನ ಸುಳ್ಳು ನನ್ನೊಳಗೇ. ಎರಡು ಕ್ಷಣ ಯೋಚಿಸಿದೆ ಎಂಬುದನ್ನು ಇಲ್ಲಿ ಬಚ್ಚಿಡುವುದಿಲ್ಲ. ಆಮೇಲೆ ಹೊಳ್ಳೆ ಗಟ್ಟಿಯಾಗಿ ಮುಚ್ಚಿದೆ.

ಇಬ್ಬರಿಗೂ ಐದಕ್ಕೆ ಐದು. ಇನ್ನು ಮೇಲೆ ಮೂಸುವವನು ನಾನು, ಗುರುತು ಇಬ್ಬರದು. "ನಿಮ್ಮನ್ನ ನಂಬ್ಕೊಂಡಿದೀನಿ ಸರ್" ಅಂದಳು. ಹಾಗೆ ನನಗೆ ಯಾರೂ ಹೇಳಿರಲಿಲ್ಲ.

ಮೇ 11
ಸ್ಪ್ರೇ ಖಾಲಿ. ಇನ್ನೂ ಮೂರು ಬಾಟಲಿ ಬರೆದಿದ್ದಾರೆ. ವಾಸನೆ ಚೆನ್ನಾಗಿಯೇ ಬರುತ್ತಿದೆಯಲ್ಲ, ಇನ್ನೇಕೆ? ಕಂಪನಿಗೂ ಅವರಿಗೂ ಏನೋ ಒಳಒಪ್ಪಂದ ಇರಬೇಕು. ಉಪ್ಪುನೀರೂ ಸಾಕು. ನಿಲ್ಲಿಸಿದೆ. ಹೆಂಡತಿಗೆ ಹೇಳಿಲ್ಲ.

ಜೂನ್ 6, ಬೆಳಿಗ್ಗೆ 8.50, ಕೆಲಸದ ಮೇಜು
ತಿಂಡಿಯ ಹೊತ್ತಿಗೆ ಒಲೆಯ ಪಕ್ಕದಲ್ಲೇ ಕೂತಿದ್ದೆ. ಹೆಂಡತಿ ಒಳಗಿಂದ ಕೂಗಿದಳು — "ಹಾಲು ಹೊತ್ತಿದೆ, ಗೊತ್ತಾಗ್ಲಿಲ್ವೇನ್ರೀ?"

ಬರೀ ನೆಗಡಿ ಇರಬೇಕು. ಬರುವಾಗ ಬಸ್ಸಿನಲ್ಲಿ ತೋಳು ಮೂಸಿದೆ, ಚೀಲ ಮೂಸಿದೆ, ಈ ಪುಸ್ತಕ ಮೂಸಿದೆ. ಡಾಕ್ಟರು ಸುಳ್ಳು ಹೇಳಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ.

ಬ್ಯಾಚ್ 247 ಬಂತು. ಎರಡನೇ ಮೂಗು ಕಾರ್ಡ್ ಹಿಡಿದು ನನ್ನ ಮೂಗು ನೋಡುತ್ತಿದ್ದಾಳೆ, ನಗುಮುಖದಲ್ಲಿ. ಮುಚ್ಚಳ ತೆಗೆದೆ. ಒಂದು, ಎರಡು, ಮೂರು… ನಾನು ಅವಳ ಹುಬ್ಬು —