ಎಡಗಾಲಿಗೆ ಕೆಲಸವಿಲ್ಲದ ಗಾಡಿ

ದೇವರಾಜ ಅರಸು ಬಡಾವಣೆ,
ದಾವಣಗೆರೆ.
ಭಾನುವಾರ, 9 ಫೆಬ್ರವರಿ 2025

ನಮ್ಮ ಯಜಮಾನರಿಗೆ,

ಆಶಾರಾಣಿಯ ನಮಸ್ಕಾರಗಳು. ಮೊದಲು ಮೊಣಕಾಲಿನ ಸಮಾಚಾರ ತಿಳಿಸಿ. ಊತ ಇಳಿಯಿತೇ? ಹುಬ್ಬಳ್ಳಿಯ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡುತ್ತಿದ್ದೀರೋ, ಇಲ್ಲಾ ನಿಮ್ಮ ಅಕ್ಕ ಮಾಡಿಕೊಡುವ ಗಿರ್ಮಿಟ್ ತಿನ್ನುತ್ತ ಟೀವಿ ಮುಂದೆ ಕಾಲು ಚಾಚಿ ಕೂತಿರುತ್ತೀರೋ? ಮಂಡಕ್ಕಿ ಮಾರುವವರಿಗೆ ಅಲ್ಲಿಗೆ ಹೋದರೂ ಮಂಡಕ್ಕಿಯೇ ಗತಿ. ಇಲ್ಲಿ ಅತ್ತೆ ಆರಾಮಾಗಿದ್ದಾರೆ. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ನೀವು ಇಲ್ಲೇ ಬಿಟ್ಟುಹೋದ ಚಪ್ಪಲಿಯ ಧೂಳು ಒರೆಸಿಡುತ್ತಾರೆ. ಯಾಕೆಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಯಾಕೆ ಬರೆಯುತ್ತಾಳೆ ಎಂದು ನಿಮ್ಮ ಅಕ್ಕ ನಗಬಹುದು, ನಗಲಿ. ಫೋನಿನಲ್ಲಿ ನಾನು ಕಾಲು ಎಂದ ತಕ್ಷಣ ನಿಮ್ಮ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ. ನಮ್ಮ ಮಂಡಕ್ಕಿ ಭಟ್ಟಿಯ ರೌಫಣ್ಣ ಇವತ್ತು ಸಂಜೆ ಮಗಳು ನುಜತ್ ಮನೆಗೆ ಹುಬ್ಬಳ್ಳಿಗೆ ಹೊರಟಿದ್ದಾರೆ. ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ನೀವು ಕೊನೆಯವರೆಗೂ ಓದಿ ಮುಗಿಸುವ ತನಕ ಎದ್ದು ಹೋಗಬೇಡಿ ಎಂದೂ ಅವರಿಗೆ ಹೇಳಿದ್ದೇನೆ.

ಗುರುವಾರ ಹೊಸ ಪಿಕಪ್ ನೋಡಲು ಹೋಗಿದ್ದೆವು. ಹೋದವರು ನಿಮ್ಮ ಅಣ್ಣ ಕೊಟ್ಟೂರೇಶ್ ಭಾವನವರು, ಅವರ ಹೆಂಡತಿಯ ತಮ್ಮ ಹರೀಶ, ಮತ್ತು ನಾನು. ಹರೀಶನನ್ನು ಕರೆದವರು ಯಾರೋ ದೇವರಿಗೇ ಗೊತ್ತು. ಬಾಯಿ ತುಂಬ ಗುಟ್ಕಾ ತುಂಬಿಕೊಂಡು ಭಾವನವರ ಕಾರಿನ ಮುಂದಿನ ಸೀಟಿನಲ್ಲಿ ಮೊದಲೇ ಹತ್ತಿ ಕೂತಿದ್ದ. ಶೋರೂಮಿನ ಹುಡುಗ ಭಾವನವರಿಗೆ ಕುರ್ಚಿ ಕೊಟ್ಟ, ಹರೀಶನಿಗೆ ಕುರ್ಚಿ ಕೊಟ್ಟ, ನನಗೆ ಕ್ಯಾಲೆಂಡರ್ ಕೊಟ್ಟ. ಅಂಗಡಿ ನನ್ನ ಹೆಸರಿನಲ್ಲಿದೆ, ಹೆಂಗಸರ ಹೆಸರಿಗಿದ್ದರೆ ಸಾಲ ಸುಲಭ ಎಂದು ನೀವೇ ಮಾಡಿಸಿದ್ದು, ಗಾಡಿಯ ಕಾಗದಕ್ಕೂ ನಾನೇ ಸಹಿ ಹಾಕಬೇಕು. ಆದರೂ ಆ ಹುಡುಗನ ಕಣ್ಣಿಗೆ ನಾನು ಬಾಗಿಲಲ್ಲಿಟ್ಟ ಪಾಟಿನ ಗಿಡ.

ಅಲ್ಲಿ ಎರಡು ಗಾಡಿ ನಿಲ್ಲಿಸಿದ್ದರು. ಒಂದು ನಮ್ಮ ಹಳೆಯ ಗಾಡಿಯಂತೆ ಕ್ಲಚ್ ತುಳಿದು ಗೇರ್ ಹಾಕುವಂಥದ್ದು. ಇನ್ನೊಂದು ಆಟೋಮ್ಯಾಟಿಕ್, ಗೇರ್ ತಾನೇ ಬದಲಾಯಿಸಿಕೊಳ್ಳುತ್ತದಂತೆ. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ: ಇದರಲ್ಲಿ ಎಡಗಾಲಿಗೆ ಏನು ಕೆಲಸ? ಹುಡುಗ ಆಗ ಮೊದಲ ಸಲ ನನ್ನ ಮುಖ ನೋಡಿದ. "ಏನೂ ಇಲ್ಲ ಮೇಡಂ, ಎಡಗಾಲು ಸುಮ್ಮನೆ ಇಟ್ಕೊಂಡಿದ್ರೆ ಸಾಕು" ಅಂದ. ನನ್ನ ಮಟ್ಟಿಗೆ ವ್ಯಾಪಾರ ಅಲ್ಲಿಗೇ ಮುಗಿದಿತ್ತು.

ಆದರೆ ಗಂಡಸರ ಮಾತು ಶುರುವಾಯಿತು ನೋಡಿ. "ಆಟೋಮ್ಯಾಟಿಕ್ ಲೋಡ್ ಎಳೆಯಂಗಿಲ್ಲ, ಘಾಟಿನಾಗ ಕೈ ಕೊಡತೈತೆ" ಎಂದು ಭಾವನವರು ತೊಡೆ ತಟ್ಟಿ ಹೇಳಿದರು. ಯಾವ ಲೋಡು, ಯಾವ ಘಾಟು ರೀ? ನಾವು ಹೊರುವುದು ಮಂಡಕ್ಕಿ. ಮೂಟೆ ಎಷ್ಟೇ ಎತ್ತರ ಪೇರಿಸಿದರೂ ಒಳಗಿರುವುದು ಮುಕ್ಕಾಲು ಪಾಲು ಗಾಳಿ. ಇಲ್ಲಿಂದ ಹರಿಹರಕ್ಕೆ ಹೋಗುವಾಗ ಬಾತಿ ಗುಡ್ಡ ರಸ್ತೆಯ ಪಕ್ಕದಲ್ಲಿ ನಿಂತಿದೆಯೇ ಹೊರತು ರಸ್ತೆಗೆ ಅಡ್ಡ ಮಲಗಿಲ್ಲ. ನಮ್ಮ ಗಾಡಿಗಿರುವ ಕಷ್ಟ ಎಳೆಯುವುದಲ್ಲ, ನಿಲ್ಲಿಸುವುದು. ಹರಿಹರ ಪೇಟೆಯಲ್ಲಿ ಅಂಗಡಿ ಅಂಗಡಿಗೂ ನಿಲ್ಲಿಸು, ಒಂದು ಚೀಲ ಇಳಿಸು, ಮತ್ತೆ ಹೊರಡು, ನಾಲ್ಕು ಮಾರು ಹೋಗಿ ಮತ್ತೆ ನಿಲ್ಲಿಸು. ಪ್ರತಿ ಸಲವೂ ಎಡಗಾಲೇ ತುಳಿಯಬೇಕು. ಇಷ್ಟು ವರ್ಷ ಮಂಡಕ್ಕಿ ಮಾರಿ ಅನ್ನ ಉಂಡ ಮನುಷ್ಯರು ಕಬ್ಬಿಣ ಸಾಗಿಸುವವರ ಹಾಗೆ ಮಾತಾಡುವುದನ್ನು ಕೇಳಿ ನನಗೆ ಮೈ ಪರಚಿಕೊಳ್ಳುವಂತಾಯಿತು.

ಆಮೇಲಿನದು ಕೇಳಿ. ಆಟೋಮ್ಯಾಟಿಕ್ಕನ್ನು ಓಡಿಸಿ ನೋಡುತ್ತೇನೆ ಎಂದು ಹರೀಶ ಹತ್ತಿದ. ಪಕ್ಕದಲ್ಲಿ ಭಾವನವರು, ಬಿಳಿ ಅಂಗಿಯಲ್ಲಿ. ಎರಡು ಸಾಲು ಸೀಟಿನ ಪಿಕಪ್ ಅದು, ಹಿಂದಿನ ಸೀಟಿನಲ್ಲಿ ಆ ಹುಡುಗ ಮತ್ತು ನಾನು. ಎಡಗಾಲು ಬಳಸಬೇಡಿ ಸಾರ್ ಎಂದು ಹುಡುಗ ಬಡಕೊಂಡ. "ಏಯ್, ನಂಗೇ ಕಲಿಸ್ತೀಯಾ" ಎಂದು ಹರೀಶ ಹೊರಟೇಬಿಟ್ಟ. ಗಾಡಿ ವೇಗ ಹಿಡಿಯಿತು. ಇವನ ಕೈ ಹಳೆಯ ಚಾಳಿಯಂತೆ ಗೇರ್ ಕಡೆ ಹೋಯಿತು, ಎಡಗಾಲು ಕ್ಲಚ್ ಎಂದುಕೊಂಡು ಬ್ರೇಕನ್ನು ಗಟ್ಟಿಯಾಗಿ ತುಳಿಯಿತು. ಗಾಡಿ ಗಕ್ಕನೆ ನಿಂತಿತು, ಗುಟ್ಕಾ ನಿಲ್ಲಲಿಲ್ಲ. ಬಾಯಲ್ಲಿದ್ದದ್ದೆಲ್ಲ ಹೊಸ ಗಾಡಿಯ ಗಾಜಿಗೆ, ಸ್ಟೀರಿಂಗಿಗೆ, ಭಾವನವರ ಬಿಳಿ ತೋಳಿಗೆ. ಥೂ! ಇಷ್ಟಾದರೂ ಆ ಪುಣ್ಯಾತ್ಮ ಕೆಳಗಿಳಿದು "ಈ ಗಾಡೀನೇ ಸರಿ ಇಲ್ಲ" ಅಂದ. ಶೋರೂಮಿನ ಕಸ ಗುಡಿಸುವ ಅಮ್ಮನನ್ನು ಕರೆದು "ಒರಸಬೇ" ಎಂದು ಬಟ್ಟೆ ಎಸೆದ. ನಾನು ಆ ಬಟ್ಟೆ ಎತ್ತಿ ಅವನ ಕೈಗೇ ಕೊಟ್ಟೆ. "ನಿಂದು ನೀನೇ ಒರಸಪ್ಪ" ಅಂದೆ. ಭಾವನವರು ನನ್ನನ್ನು ನುಂಗುವಂತೆ ನೋಡಿದರು. ನೋಡಿಕೊಳ್ಳಲಿ.

ಅಂಗಿ ತೊಳೆದುಕೊಂಡು ಮೂವರೂ ಮಿರ್ಚಿ ಮಂಡಕ್ಕಿ ಅಂಗಡಿಯಲ್ಲಿ ಕೂತೆವು. ಅಲ್ಲಿ ಭಾವನವರು ತಣ್ಣಗೆ ಹೇಳಿದರು: "ಆಶಾ, ನೀನು ಸುಮ್ನೆ ತಲೆ ಕೆಡಿಸ್ಕೋಬ್ಯಾಡ. ಬಕ್ಕೇಶನ್ನೇ ಕೇಳೀನಿ. ಅವನ ಕಾಲು ಸರಿಯಾಗೋ ತನಕ ಹರೀಶ ಓಡಿಸ್ತಾನ." ಹಾಗಂದವರೇ ನೀವು ಕಳಿಸಿದ ವಾಯ್ಸ್ ಮೆಸೇಜನ್ನು ಫೋನಿನಲ್ಲಿ ಎಲ್ಲರಿಗೂ ಕೇಳುವಂತೆ ಹಾಕಿದರು. ನಿಮ್ಮದೇ ದನಿ. "ಅಣ್ಣಾ, ಗೇರ್ ಗಾಡೀನೇ ತಗಾ. ಆಟೋಮ್ಯಾಟಿಕ್ ಹೆಂಗಸರ ಗಾಡಿ. ಅದನ್ನ ಓಡಿಸ್ಕಂಡು ಹರಿಹರಕ್ಕೆ ಹೋದ್ರೆ ಊರು ನಗತೈತೆ. ನನ್ನ ಕಾಲು ಇನ್ನೇನು ಸರಿ ಆತು." ಹರೀಶ ಮಿರ್ಚಿ ಕಚ್ಚುತ್ತ ಕಿಸಕ್ಕನೆ ನಕ್ಕ. ನಾನು ತಟ್ಟೆ ಸರಿಸಿ ಎದ್ದು ಬಂದೆ.

ಕೇಳಿ. ನೀವು ಮಂಡಕ್ಕಿ ಲೋಡಿನ ಮೇಲೆ ಹತ್ತಿ ಹಗ್ಗ ಬಿಗಿಯುವಾಗ ಬಿದ್ದ ದಿನದಿಂದ ನಿಮ್ಮ ಗಾಯ ತೊಳೆದವಳು ನಾನು. ಕೀವು ಒರೆಸಿದ್ದೇನೆ, ಆ ವಾಸನೆಯ ಬಟ್ಟೆ ಒಗೆದಿದ್ದೇನೆ, ಬಂದು ಅದೇ ಕೈಯಲ್ಲಿ ರೊಟ್ಟಿ ತಟ್ಟಿದ್ದೇನೆ. ಒಂದು ದಿನವೂ ನನಗೆ ಹೇಸಿಗೆ ಅನ್ನಿಸಲಿಲ್ಲ. ಗುರುವಾರ ಆ ಮೆಸೇಜು ಕೇಳಿದಾಗ ಅನ್ನಿಸಿತು. ಕಾಲಿನ ಬಗ್ಗೆ ಅಲ್ಲ, ಆ ಸುಳ್ಳಿನ ಬಗ್ಗೆ. ಹುಬ್ಬಳ್ಳಿಗೆ ಹೊರಡುವ ಹಿಂದಿನ ದಿನ ನೀವು ಹಿತ್ತಲಲ್ಲಿ ಕೆಟ್ಟು ನಿಂತಿದ್ದ ಹಳೆಯ ಗಾಡಿ ಹತ್ತಿ ಕೂತಿದ್ದಿರಿ. ಎರಡೂ ಕೈಯಿಂದ ನಿಮ್ಮ ಎಡತೊಡೆ ಎತ್ತಿ ಪಾದವನ್ನು ಕ್ಲಚ್ ಮೇಲೆ ಇಟ್ಟಿರಿ. ಒತ್ತಿದಿರಿ. ಆಗಲಿಲ್ಲ. ಕೆಳಗಿಳಿಸಿ ಮತ್ತೆ ಎತ್ತಿ ಇಟ್ಟಿರಿ. ನನ್ನನ್ನು ಕಂಡ ಕೂಡಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ ಅಂದಿರಿ. ನಾನೂ ಹೂಂ ಅಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಅತ್ತುಬಿಟ್ಟೆ. ಆ ಮೊಣಕಾಲು ಇನ್ನು ಮೊದಲಿನಂತೆ ಮಡಚುವುದಿಲ್ಲ ಎಂದು ಡಾಕ್ಟರು ನಿಮಗೂ ಹೇಳಿದ್ದಾರೆ, ನನಗೂ ಹೇಳಿದ್ದಾರೆ. ಗೊತ್ತಿಲ್ಲದವರು ನಿಮ್ಮ ಅಣ್ಣ ಒಬ್ಬರೇ. ಅಥವಾ ಗೊತ್ತಿದ್ದೂ ಹರೀಶನಿಗೊಂದು ಕೆಲಸವಾಯಿತು ಎಂದು ಸುಮ್ಮನಿದ್ದಾರೆ.

ಈಗ ಬಾಡಿಗೆ ಗಾಡಿಯಲ್ಲಿ ಹರಿಹರದ ಲೈನಿಗೆ ಹರೀಶನೇ ಹೋಗುತ್ತಿದ್ದಾನೆ. ಗಾಡಿ ನಿಲ್ಲಿಸದೆಯೇ ಚೀಲ ಬಿಸಾಕುತ್ತಾನಂತೆ. ಕಸ್ತೂರಮ್ಮನ ಅಂಗಡಿಯ ಮುಂದೆ ಚೀಲ ಒಡೆದು ಮಂಡಕ್ಕಿಯೆಲ್ಲ ಚರಂಡಿಗೆ. ಆಕೆ ಫೋನ್ ಮಾಡಿದಳು, ಬೈಯಲಿಲ್ಲ. "ಬಕ್ಕೇಶಣ್ಣ ಯಾವಾಗ ಬರ್ತಾರ್ರೀ? ಬೋಣಿಗೆ ಅವರಿದ್ರೇ ಚಂದ" ಅಂದಳು. ನಿಮಗೆ ಊರು ನಗುವುದು ಕೇಳಿಸುತ್ತದೆ, ಕಸ್ತೂರಮ್ಮ ಕೇಳುವುದು ಕೇಳಿಸುವುದಿಲ್ಲ. ಒಂದು ಸಲ ಹರೀಶ ಆ ಸೀಟಿನಲ್ಲಿ ಗಟ್ಟಿಯಾಗಿ ಕೂತನೆಂದರೆ ನೀವು ಗಲ್ಲಾ ಮುಂದೆ ನೊಣ ಹೊಡೆಯುತ್ತ ಕೂರಬೇಕು, ಜೀವನ ಪೂರ್ತಿ. ನೀವು ಹಾಗೆ ಕೂರುವ ಮನುಷ್ಯರಲ್ಲ. ಕೂತರೆ ಆರು ತಿಂಗಳಿಗೆ ಮುದುಕರಾಗುತ್ತೀರಿ, ನನಗದು ಚೆನ್ನಾಗಿ ಗೊತ್ತು. ಅತ್ತೆಗೆ ಎಲ್ಲ ಹೇಳಿದೆ. ಅವರು "ಅವನಿಗೆ ಗಾಡಿ ಬೇಕವ್ವಾ, ಗೇರ್ ತಗಂಡು ಏನ್ ಮಾಡ್ತಾನ" ಅಂದರು.

ಶುಕ್ರವಾರ ಭಾವನವರು ಗೇರ್ ಗಾಡಿಯ ಕಾಗದ ತಂದು ನನ್ನ ಮುಂದಿಟ್ಟು ಸಹಿ ಹಾಕು ಅಂದರು. ದೇವರ ಮುಂದಿಟ್ಟು ಆಮೇಲೆ ಹಾಕುತ್ತೇನೆ ಅಂದೆ. ಕಾಗದ ಈಗಲೂ ದೇವರ ಮುಂದೆಯೇ ಇದೆ.

ನಿಮ್ಮ ಅಕ್ಕನವರಿಗೆ, ಅವರ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ. ಅತ್ತೆಯ ಆಶೀರ್ವಾದ ನಿಮಗೆ ಸದಾ ಇದೆ. ವ್ಯಾಯಾಮ ತಪ್ಪಿಸಬೇಡಿ, ಕರಿದದ್ದು ಜಾಸ್ತಿ ತಿನ್ನಬೇಡಿ.

ಇಂತಿ ನಿಮ್ಮ ಮೇಲೆ ಸಿಟ್ಟಿದ್ದರೂ ನಿಮ್ಮವಳೇ ಆದ,
ಆಶಾರಾಣಿ

ಮರೆತಿದ್ದೆ: ರೌಫಣ್ಣ ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ನಾನೊಬ್ಬಳೇ ಶೋರೂಮಿಗೆ ಹೋಗಿ ಆಟೋಮ್ಯಾಟಿಕ್ಕಿಗೆ ಸಹಿ ಹಾಕಿ ಬಂದೆ. ಹೆಂಗಸರ ಗಾಡಿ ಅಂದಿರಲ್ಲ, ಹೆಂಗಸಿನ ಹೆಸರಿಗೇ ಮಾಡಿಸಿದ್ದೇನೆ. ಬರುವ ಗುರುವಾರ ಗಾಡಿ ಮನೆಗೆ ಬರುತ್ತದೆ. ಅದಕ್ಕೊಬ್ಬ ಡ್ರೈವರ್ ಬೇಕು. ಬಲಗಾಲು ಗಟ್ಟಿಯಿದ್ದರೆ ಸಾಕು, ಎಡಗಾಲು ಹೇಗಿದ್ದರೂ ನಡೆಯುತ್ತದೆ. ಗುಟ್ಕಾ ಹಾಕಬಾರದು, ಕಸ್ತೂರಮ್ಮನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಇಳಿಸಬೇಕು, ಓನರಮ್ಮನಿಗೆ ಸುಳ್ಳು ಹೇಳಬಾರದು. ಹುಬ್ಬಳ್ಳಿಯಲ್ಲಿ ಅಂಥವರು ಯಾರಾದರೂ ನಿಮಗೆ ಗೊತ್ತಿದ್ದರೆ, ರೌಫಣ್ಣ ಬುಧವಾರ ವಾಪಸ್ ಹೊರಡುವಾಗ ಅವರ ಜೊತೆ ಬಸ್ಸು ಹತ್ತಿಸಿ. ಚಪ್ಪಲಿ ಇಲ್ಲೇ ಇದೆ, ಧೂಳು ಒರೆಸಿಟ್ಟಿದೆ.